ಕ್ಲಿಯರ್ ಒತ್ತಬೇಡಿ, ತಡೀರಿ ಸಾರ್!

ಎಡಿಸನ್ನಲ್ಲಿ ಕೂತು ಆ ಎಫ್-250 ಟ್ರಕ್ಕು ಯಾಕೆ ತಗೊಂಡ್ರಿ ಅಂತ ನಾನಂತೂ ಕೇಳಲ್ಲ. (ಓಕ್ ಟ್ರೀ ರೋಡಿಂದ ಎರಡು ಮೂಟೆ ಸೋನಾ ಮಸೂರಿ ತರೋಕೆ 6.7 ಲೀಟರ್ ಡೀಸೆಲ್ ಎಂಜಿನ್ನೇ ಬೇಕಿತ್ತಾ ಅಂತ ಮನೆಯವ್ರು ಕೇಳಿಯಾಗಿದೆ.) ಡ್ಯಾಶ್‌ಬೋರ್ಡಲ್ಲಿ ಆ ಹಳದಿ ದೀಪ ಯಾವಾಗಿಂದ ಉರೀತಿದೆ, ಅದು ಹೇಳಿ. "ನಿನ್ನೆಯಿಂದ" ಅನ್ನಬೇಡಿ. ಬೃಂದಾವನ ಕನ್ನಡ ಸಂಘದ ಯುಗಾದಿಗೆ ಲಿಫ್ಟ್ ಕೊಟ್ರಲ್ಲ, ಆಗಲೇ ನೋಡಿದೀನಿ!

ಆಫೀಸಲ್ಲಿ ಯಾವನಾದ್ರೂ ಹೊಸ ಹುಡುಗ ಎರರ್ ಲಾಗ್ ಓದದೇ ಅಳಿಸಿ ಸರ್ವರ್ ರಿಸ್ಟಾರ್ಟ್ ಮಾಡ್ಲಿ, ನೀವು ಹಾರಾಡೋ ಹಾರಾಟ ಮೂರು ಮಹಡಿಗೆ ಕೇಳ್ಸುತ್ತೆ. ಅದೇ ನೀವು, ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿ ಮೊದಲು ಒತ್ತೋದು ಯಾವ ಬಟನ್ನು? ಕ್ಲಿಯರ್! ಕೋಡಿನ ಜೊತೆ ಫ್ರೀಜ್ ಫ್ರೇಮೂ ಹೋಯ್ತು. ತೊಂದರೆ ಬಂದ ಗಳಿಗೇಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ, ಲೋಡ್ ಎಷ್ಟು, ಎಲ್ಲಾ ಬರೆದಿಟ್ಟಿತ್ತು ಪಾಪ.

(ಇದೇ ಬುದ್ಧಿ ಮನೆಯವ್ರ ಕ್ಯಾಮ್ರಿ ಮೇಲೂ ತೋರಿಸಿ ನ್ಯೂಜೆರ್ಸಿ ಇನ್‌ಸ್ಪೆಕ್ಷನ್‌ಗೆ ಹೋಗ್ಬೇಡಿ ಮತ್ತೆ. ಕೋಡ್ ಅಳಿಸಿದ್ರೆ ಕಾರಿನ ಸ್ವಂತ ಪರೀಕ್ಷೆಗಳೂ ಅಳಿಸಿಹೋಗ್ತವೆ. "ನಾಟ್ ರೆಡಿ" ಅಂತ ವಾಪಸ್ ಕಳಿಸ್ತಾರೆ.)

ತುಮಕೂರು ರಸ್ತೆಯ ಲಾರಿ ಮೇಸ್ತ್ರಿಗೆ ಸ್ಕ್ಯಾನರ್ ಎಲ್ಲಿತ್ತು ಹೇಳಿ? ಹೊಗೆ ನೋಡೋರು. ಕಪ್ಪಾದ್ರೆ ಗಾಳಿ ಸಾಲ್ತಿಲ್ಲ, ನೀಲಿಯಾದ್ರೆ ಆಯಿಲ್ ಸುಡ್ತಿದೆ, ಬಿಳಿಯಾದ್ರೆ ಡೀಸೆಲ್ ಪೂರ್ತಿ ಉರೀತಿಲ್ಲ, ಇಲ್ಲಾ ಕೂಲಂಟ್ ಒಳಗೆ ಇಳೀತಿದೆ. ನಿಮ್ಮ ಗಾಡೀಲಿ ಆ ಕಪ್ಪು ಮಸಿಯನ್ನ ಡಿಪಿಎಫ್ ಅನ್ನೋ ಫಿಲ್ಟರೇ ನುಂಗ್ಬಿಡುತ್ತೆ. ಉಳಿದಿರೋದು ಕೋಡೊಂದೇ, ಅದನ್ನೂ ಓದಲ್ಲ ಅಂತೀರಿ!

ಹೋಗ್ಲಿ, ಹೋದ ತಿಂಗಳು ಪಿ2463 ಬಂತಲ್ಲ. ಮಸಿ ಜಾಸ್ತಿಯಾಗಿದೆ ಅಂತ ಅರ್ಥ. ಯಾಕಾಗಲ್ಲ? ಮನೆಯಿಂದ ಮೆಟ್ರೋಪಾರ್ಕ್ ಸ್ಟೇಷನ್ನು, ಅಲ್ಲಿ ಗಾಡಿ ಬಿಟ್ಟು ನ್ಯೂಯಾರ್ಕಿಗೆ ಟ್ರೈನು, ಸಂಜೆ ವಾಪಸ್. ಎಂಜಿನ್ ಬಿಸಿಯಾಗಿ ಮಸಿ ಸುಡೋಕೆ ಶುರು ಮಾಡೋಷ್ಟರಲ್ಲಿ ಕೀ ತಿರುಗಿಸಿಬಿಡ್ತೀರಿ. ಟರ್ನ್‌ಪೈಕ್ ಮೇಲೆ ಒಂದರ್ಧ ಗಂಟೆ ಒಂದೇ ವೇಗದಲ್ಲಿ ಓಡ್ಸಿ. (ತೀರಾ ತುಂಬಿದ್ರೆ ವರ್ಕ್‌ಶಾಪಲ್ಲೇ ಸುಡಿಸಬೇಕು.) ಮನೆ ಮುಂದೆ ಆನ್ ಮಾಡಿಟ್ರೆ ಸಾಲದಾ ಅಂತೀರಾ? ಮಸಿ ಇನ್ನಷ್ಟು ಕೂರುತ್ತೆ, ಮೇಲಾಗಿ ಸುಮ್ಸುಮ್ನೆ 3 ನಿಮಿಷಕ್ಕಿಂತ ಜಾಸ್ತಿ ಐಡ್ಲಿಂಗ್ ಬಿಟ್ರೆ ಇಲ್ಲಿ ಫೈನು.

ಈಗೇನು, ಪಿ0087? ಫ್ಯೂಯೆಲ್ ರೈಲಲ್ಲಿ ಪ್ರೆಶರ್ ಕಮ್ಮಿ ಅಂತಿದೆ, ಅಷ್ಟೇ. ಸೆನ್ಸರ್ ಹೋಗಿದೆ ಅಂತ ಎಲ್ಲಾದ್ರೂ ಬರೆದಿದ್ಯಾ? ನೀವಂತೂ ಸೆನ್ಸರ್ ಆರ್ಡರ್ ಮಾಡಿಯಾಗಿದೆ (ನಾಳೆ ಬೆಳಿಗ್ಗೆ ಡೆಲಿವರಿ, ಅಲ್ವಾ?). ಲಿಫ್ಟ್ ಪಂಪ್ ಸೋತಿರಬಹುದು, ಪೈಪೊಳಗೆ ಗಾಳಿ ಸೇರಿರಬಹುದು, ಜನವರಿ ಚಳಿಗೆ ಡೀಸೆಲ್ಲೇ ಮೇಣದ ಹಾಗೆ ಕಟ್ಟಿರಬಹುದು. ಕಮ್ಮಿ ಖರ್ಚಿಂದು ಮೊದಲು ನೋಡೋಣ. ಫ್ಯೂಯೆಲ್ ಫಿಲ್ಟರ್ ಬದಲಾಯಿಸಿ ಎಷ್ಟು ದಿನ ಆಯ್ತು?

ಅಲ್ಲಾ, ಗಾಡಿ ತಗೊಂಡ್ಮೇಲೆ ಒಂದ್ಸಲಾನಾದ್ರೂ...? ಸಾರ್? ಎಲ್ಲಿಗೆ ಹೊರಟ್ರಿ?