ಟೆಸ್ಟರ್ ಕಾಕಾ

ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಯಾವ ಓಣಿ ಹೊಕ್ಕರೂ ಒಬ್ಬ ಟೆಸ್ಟರ್ ಕಾಕಾ ಸಿಕ್ಕೇ ಸಿಗುತ್ತಾನೆ. ಹೊಟ್ಟೆಪಾಡಿಗೆ ಗೊಬ್ಬರದ ಅಂಗಡಿ ಇಟ್ಟಿರಬಹುದು, ಹಟ್ಟಿ ಚಿನ್ನದ ಗಣಿಯಿಂದ ರಿಟೈರ್ ಆಗಿರಬಹುದು, ಕನ್ನಡ ಶಾಲೆ ಮಾಸ್ತರನೂ ಆಗಿರಬಹುದು. ಕರೆಂಟಿನ ಕೆಲಸ ಮಾತ್ರ ಧರ್ಮಾರ್ಥ. ಅಂಗಿ ಜೇಬಿನಲ್ಲಿ ಪೆನ್ನು ಇರಲಿ ಬಿಡಲಿ, ಟೆಸ್ಟರ್ ಇರಲೇಬೇಕು.

ಭತ್ತದ ರೊಕ್ಕದಲ್ಲಿ ಎದ್ದ ಹೊಸ ಮನೆಗಳ ಬಚ್ಚಲಿಗೂ ಈಗ ಪಿವಿಸಿ ಸೀಲಿಂಗ್, ಅದರ ತುಂಬ ಡೌನ್‌ಲೈಟು. ಒಂದು ಮಿಣಮಿಣ ಅಂದರೆ ಸಾಕು, ಕಾಕಾ ಹಾಜರ್.

ಸಿಂಧನೂರಿನ ಅಂಗಡಿಯಲ್ಲಿ ಆತ ಕೇಳುವುದು ಎರಡೇ: ಎಷ್ಟು ವ್ಯಾಟು? ಎಷ್ಟು ಕಮ್ಮಿ ಮಾಡ್ತಿ? ಅಂಗಡಿ ಹುಡುಗ "ಬಚ್ಚಲಕ್ಕ ಐಪಿ 65 ಒಯ್ರಿ" ಎಂದನೋ, "ಅಂದ್ರ 65 ರೂಪಾಯಿ ಜಾಸ್ತಿ ಅಂತ ಹೌದಿಲ್ಲೋ?" ಎಂದು ಬಾಯಿ ಮುಚ್ಚಿಸುತ್ತಾನೆ. ಐಪಿಯ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. 65ರ ದೀಪ ಶವರಿನ ನೀರು ಚಿಮ್ಮಿದರೂ ತಡೆಯುತ್ತದೆ. ಹಾಲಿಗೆಂದು ಮಾಡಿದ 20ರ ದೀಪಕ್ಕೆ ನೀರಿನಿಂದ ರಕ್ಷಣೆ ಸೊನ್ನೆ. ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿದ್ದು ಇದೇ ಮಸ್ಕಿಯಲ್ಲಿ. ಆ ಬ್ರಾಹ್ಮಿ ಅಕ್ಷರ ಓದಿದವರಿದ್ದಾರೆ, ಡಬ್ಬದ ಮೇಲಿನ ಎರಡು ಅಂಕಿ ಕಾಕಾನಿಗೆ ಓದಿಸುವವರಿಲ್ಲ. ಸೀಲಿಂಗಿನ ತೂತು ನಾಲ್ಕಿಂಚು, ತಂದ ದೀಪ ಮೂರಿಂಚು. "ಸಂದಿಗೆ ಟೇಪ್ ಸುತ್ತಿದ್ರಾತು!"

ಹಚ್ಚುವ ಮುಹೂರ್ತವೂ ಆತನದೇ: ಜೆಸ್ಕಾಂನವರು ಕರೆಂಟ್ ತೆಗೆದ ಹೊತ್ತು. ಮೇನ್ ಸ್ವಿಚ್ಚಿನ ಗೊಡವೆಯೇ ಬೇಡ! ಒದ್ದೆ ನೆಲ, ಪ್ಲಾಸ್ಟಿಕ್ ಸ್ಟೂಲು, ಹಲ್ಲಲ್ಲಿ ಕಚ್ಚಿದ ವೈರು. ಕೆಳಗೆ ನಿಂತ ಡಿಪ್ಲೊಮಾ ಓದುವ ಅಣ್ಣನ ಮಗಳು, "ಕಾಕಾ, ಬಚ್ಚಲ ಲೈಟು ಇನ್ವರ್ಟರ್ ಲೈನಿನ್ಯಾಗ ಐತಿ" ಅನ್ನುತ್ತಾಳೆ.

"ಸುಮ್ನಿರವಾ, ರಬ್ಬರ್ ಚಪ್ಪಲಿ ಹಾಕ್ಕೊಂಡೀನಿ, ಏನೂ ಆಗಂಗಿಲ್ಲ."

ಮರುಕ್ಷಣ ಸ್ಟೂಲು ಒಂದು ಕಡೆ, ಟೆಸ್ಟರ್ ಒಂದು ಕಡೆ, ಕಾಕಾ ಬಕೆಟ್ಟಿನ ಪಕ್ಕ. ಎದ್ದು ಲುಂಗಿ ಕೊಡವಿಕೊಂಡು ವರದಿ ಕೊಡುತ್ತಾನೆ: "ಸಪ್ಲೈ ಚೊಲೊ ಐತಿ."

ಈ ಧೈರ್ಯ ತಮಾಷೆಯಾಗಿಯೇ ಉಳಿಯುತ್ತಿತ್ತು, ಆತನ ಕೈ ಮೇನ್ ಬೋರ್ಡಿನವರೆಗೆ ಹೋಗದಿದ್ದರೆ. "ಸುಮ್ಸುಮ್ನ ಬೀಳ್ತದ" ಎಂದು ಆರ್‌ಸಿಸಿಬಿ ತಪ್ಪಿಸಿ ನೇರ ಲೈನು ಎಳೆದುಬಿಟ್ಟಿರುತ್ತಾನೆ. ಎಂಸಿಬಿ ಇರುವುದು ಲೋಡು ಹೆಚ್ಚಾದಾಗ, ಶಾರ್ಟ್ ಆದಾಗ ವೈರು ಸುಡದಿರಲಿ ಅಂತ. ಮೂವತ್ತು ಮಿಲಿ ಆಂಪಿಯರ್ ಕರೆಂಟು ದಾರಿ ತಪ್ಪಿ ಮೈಮೇಲೆ ಹರಿದರೂ ಥಟ್ಟನೆ ಬೀಳುವುದು ಆರ್‌ಸಿಸಿಬಿ. ಅದು ಬಿದ್ದರೆ ಹೆಚ್ಚಾಗಿ ಎಲ್ಲೋ ಲೀಕೇಜ್ ಇದೆ ಅಂತ ಅರ್ಥ. ಕಾಕಾ ಚಾಡಿ ಹೇಳಿದವನ ನಾಲಗೆ ಕತ್ತರಿಸಿ ಕಳ್ಳನನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ.

ಕೊನೆಗೆ ಹುಡುಗಿಯೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸುತ್ತಾಳೆ. ಆತ ಮೇನೂ ತೆಗೆಯುತ್ತಾನೆ, ಇನ್ವರ್ಟರೂ ಆರಿಸುತ್ತಾನೆ, ನೆಲ ಒರೆಸುತ್ತಾನೆ, ತೂತಿನ ಅಳತೆ ತೆಗೆದುಕೊಂಡು ಸರಿಯಾದ ದೀಪ ಕೂರಿಸುತ್ತಾನೆ, ಆರ್‌ಸಿಸಿಬಿ ಮತ್ತೆ ಜೋಡಿಸಿ ಅದರ ಟೆಸ್ಟ್ ಗುಂಡಿ ಒತ್ತಿ ಬೀಳಿಸಿ ತೋರಿಸುತ್ತಾನೆ. ಅಷ್ಟು ಹೊತ್ತೂ ಕಾಕಾ ಟಾರ್ಚ್ ಹಿಡಿದು ಸಲಹೆ ಕೊಡುತ್ತಾನೆ. ಸಂಜೆ ಚಹಾದಂಗಡಿಯಲ್ಲಿ, "ನಾ ಇದ್ದೆ ಅಂತ ಆತು" ಅನ್ನುತ್ತಾನೆ.

ಅನ್ನಲಿ ಬಿಡಿ. ಪ್ರತಿ ಮನೆಯವರೂ ಕಾಕಾನ ಕೈಗೆ ಟಾರ್ಚ್ ಒಂದನ್ನೇ ಕೊಟ್ಟರೆ ಕಾಕಾನೂ ಉಳಿದಾನು, ಕಾಕಾನ ಮರ್ಯಾದೆಯೂ ಉಳಿದೀತು.