ಹೊಟ್ಟೆಯಿಲ್ಲದ ಹಂಡೆ

ಬಿಸಿನೀರಿನ ವಿಷಯದಲ್ಲಿ ಶಿವಮೊಗ್ಗದ ನಮ್ಮ ಮನೆಯನ್ನು ಆಳುವುದು ಸಮ್ಮಿಶ್ರ ಸರ್ಕಾರ. ಅಮ್ಮ ಹಂಡೆ ಪಕ್ಷ. ತೀರ್ಥಹಳ್ಳಿ ಕಡೆಯ ತವರಿನ ಬಚ್ಚಲೊಲೆಯಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಗರಿ ಉರಿಸಿ ಕಾಯಿಸಿದ್ದು ಮಾತ್ರ ಸ್ನಾನದ ನೀರು, ಮಿಕ್ಕಿದ್ದೆಲ್ಲ ಮೈ ಒದ್ದೆ ಮಾಡಿಕೊಳ್ಳುವ ಉಪಾಯ ಎಂಬುದು ಅವಳ ಪ್ರಣಾಳಿಕೆ. ಹೆಂಡತಿ ಸೋಲಾರ್ ಪಕ್ಷ; ಜೂನ್ ಬಂತೆಂದರೆ ಈ ಪಕ್ಷ ಬಹುಮತ ಕಳೆದುಕೊಂಡು ಸೆಪ್ಟೆಂಬರ್ ಮುಗಿಯುವವರೆಗೆ ವಿರೋಧ ಪಕ್ಷದ ಸಾಲಿನಲ್ಲಿ ಕೂರುತ್ತದೆ. ಹತ್ತನೇ ತರಗತಿಯ ಮಗ ಪಕ್ಷೇತರ. ಅವನ ವಿರೋಧ ನೀರು ಕಾಯಿಸುವ ವಿಧಾನಕ್ಕಲ್ಲ, ಸ್ನಾನಕ್ಕೇ.

ಈ ಸದನದಲ್ಲಿ ನಾನು ಮಂಡಿಸಿದ್ದು ಟ್ಯಾಂಕ್‌ಲೆಸ್ ವಾಟರ್ ಹೀಟರ್ ಮಸೂದೆಯನ್ನು. ನೀರು ಕೂಡಿಡುವ ಪಾತ್ರೆಯೇ ಇಲ್ಲದ ಯಂತ್ರ. ತಣ್ಣೀರು ಒಂದು ತುದಿಯಲ್ಲಿ ಹೊಕ್ಕು, ಕಾದ ಕಾಯಿಲನ್ನು ಸವರಿಕೊಂಡು, ಇನ್ನೊಂದು ತುದಿಯಲ್ಲಿ ಬಿಸಿಯಾಗಿ ಹೊರಬರುತ್ತದೆ. ನಲ್ಲಿ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ, ನಿಲ್ಲಿಸಿದರೆ ಆರುತ್ತದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: "ಪಾತ್ರೆನೇ ಇಲ್ಲ ಅಂದ್ರೆ ನೀರು ಕಾಯ್ಸದು ಎಂಥದ್ರಲ್ಲಿ ಮಾರಾಯ?"

ಅಣ್ಣ ಫೋನಿನಲ್ಲಿ ಗ್ಯಾಸ್ ಗೀಸರ್ ಪರವಾಗಿ ವಾದಿಸಿದ. ಹರಿಯುವ ನೀರನ್ನು ಗ್ಯಾಸಿನ ಉರಿಯಲ್ಲಿ ತಕ್ಷಣ ಕಾಯಿಸುವ ಯಂತ್ರವನ್ನು ಲಂಡನ್ನಿನ ಬೆಂಜಮಿನ್ ವಾಡಿ ಮಾಘನ್ ಎಂಬಾತ 1868ರಲ್ಲೇ ಮಾಡಿದ್ದ. ವೃತ್ತಿಯಿಂದ ಬಣ್ಣ ಹಚ್ಚುವವನಾದ ಅವನ ಯಂತ್ರಕ್ಕೆ ಹೊಗೆ ಹೋಗಲು ಕೊಳವೆಯೇ ಇರಲಿಲ್ಲವಂತೆ. ನಮ್ಮ ಬಚ್ಚಲಿಗೂ ಕಿಟಕಿಯೆಂದು ಕರೆಯಬಹುದಾದದ್ದು ಅಂಗೈ ಅಗಲದ ಒಂದು ಗಾಜು, ಅದೂ ತೆರೆಯದು. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದಿದವರಿಗೆ ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಕರೆಂಟಿನದೇ ಎಂದು ತೀರ್ಮಾನವಾಯಿತು.

ಅಮೆರಿಕದಲ್ಲಿರುವ ಭಾವಮೈದುನ ತನ್ನ ಮನೆಯ ಟ್ಯಾಂಕ್‌ಲೆಸ್ 27 ಕಿಲೋವ್ಯಾಟಿನದು, ಏಕಕಾಲಕ್ಕೆ ಎರಡು ಶವರ್ ಬಿಟ್ಟರೂ ಬಗ್ಗುವುದಿಲ್ಲ ಎಂದ. ನಮ್ಮ ಕಡೆ ಹಳ್ಳಿಗಳಲ್ಲಿ ಕಂಬಕ್ಕೆ ಕೂರಿಸುವ ಚಿಕ್ಕ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯವೇ 25 ಕೆವಿಎ. ಭಾವಮೈದುನ ಸ್ನಾನಕ್ಕೆ ಇಳಿದರೆ ಒಂದು ಕೇರಿ ಕತ್ತಲಾಗಬೇಕು. ನಾನು 3 ಕಿಲೋವ್ಯಾಟಿನದನ್ನು ತಂದೆ. ಕೈಯಲ್ಲಿ ಹಿಡಿದರೆ ಎರಡು ತೆಂಗಿನಕಾಯಿಯ ಭಾರವೂ ಇಲ್ಲ. ಅಮ್ಮ ಅದನ್ನು ಎತ್ತಿ ನೋಡಿ, "ಇದಕ್ಕೆ ಇಷ್ಟು ದುಡ್ಡಾ?" ಎಂದಳು. ತೂಕವಿಲ್ಲದ ವಸ್ತುವಿಗೆ ಬೆಲೆ ಕೊಡುವುದು ಅವಳ ಪ್ರಕಾರ ಚಿನ್ನದಂಗಡಿಯಲ್ಲೂ ಸಲ್ಲದು.

ಅದನ್ನು ಸ್ವತಃ ಕೂರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಪ್ಲಂಬರನ ಕೃಪೆಯಿಂದ. ಯಾವಾಗ ಕೇಳಿದರೂ ಆತ "ದಾರಿಯಲ್ಲಿದೀನಿ ಸಾರ್" ಎನ್ನುತ್ತಿದ್ದ. ಸುಳ್ಳೆನ್ನಲಾಗದು, ಆತ ಖಂಡಿತ ಯಾವುದೋ ದಾರಿಯಲ್ಲಿದ್ದ. ಕರೆಂಟಿನ ವಿಷಯದಲ್ಲಿ ಮಾತ್ರ ನಾನು ಧೈರ್ಯ ಪ್ರದರ್ಶನಕ್ಕೆ ಹೋಗಲಿಲ್ಲ. 3000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 13 ಆಂಪಿಯರ್. ಬಲ್ಬಿಗೆಂದು ಎಳೆದ ಹಳೆಯ ತಂತಿ ತಡೆಯುವ ಹೊರೆಯಲ್ಲ ಅದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಮೀಟರ್ ಬೋರ್ಡಿನಿಂದ ಹೊಸ ದಪ್ಪ ತಂತಿ, ಅರ್ಥಿಂಗ್, ಪ್ರತ್ಯೇಕ ಎಂಸಿಬಿ, 30 ಮಿಲಿ ಆಂಪಿಯರ್ ಸೋರಿದರೂ ಲೈನ್ ಕಡಿಯುವ ಆರ್‌ಸಿಸಿಬಿ ಎಲ್ಲ ಮಾಡಿಕೊಟ್ಟು ಹೋದ. "ಹಾಗಾದ್ರೆ ಸ್ವತಃ ಅಂದ್ರೆ ಅರ್ಧ ಸ್ವತಃ" ಎಂದು ಹೆಂಡತಿ ದಾಖಲಿಸಿಕೊಂಡಳು.

ಉಳಿದರ್ಧದ ಮೊದಲ ಪರೀಕ್ಷೆ ಹಾರ್ಡ್‌ವೇರ್ ಅಂಗಡಿಯಲ್ಲಿ. ಗೀಸರಿಗೆ ಪೈಪ್ ಕೊಡಿ ಎಂದರೆ ಅಲ್ಲಿ ಯಾರೂ ಪೈಪ್ ಕೊಡುವುದಿಲ್ಲ, ಸಂದರ್ಶನ ಮಾಡುತ್ತಾರೆ. ಅರ್ಧ ಇಂಚೋ ಮುಕ್ಕಾಲೋ? ಬಿಳಿ ಯುಪಿವಿಸಿಯೋ, ಬಿಸಿನೀರು ತಾಳುವ ಸಿಪಿವಿಸಿಯೋ? ಮೇಲೋ ಫೀಮೇಲೋ? ಎಲ್ಬೋ ಬೇಕೋ, ಟೀ ಬೇಕೋ, ನಿಪ್ಪಲ್, ಕಪ್ಲಿಂಗ್, ಯೂನಿಯನ್? ಪಕ್ಕದಲ್ಲಿ ನಿಂತ ಹದಿಹರೆಯದ ಹೆಲ್ಪರ್ ಹುಡುಗ ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಸಾಮಾನು ಕಟ್ಟಿಸಿಕೊಂಡು ಹೋದ. ಡಿಗ್ರಿ ಪಡೆದ ನನಗೆ ಅಂಗಡಿಯವರು ಸ್ಟೂಲ್ ಕೊಟ್ಟು, "ಬಾತ್‌ರೂಮಿನ ಫೋಟೋ ಇದೆಯಾ?" ಎಂದು ವಿಚಾರಿಸಿದರು. ಇತ್ತು. ಹೊರಡುವ ಮುನ್ನ ಬಚ್ಚಲಿನ ನಾಲ್ಕೂ ಗೋಡೆಗಳನ್ನು ಮದುವೆಯ ಆಲ್ಬಮ್ಮಿಗೆ ಸಾಕಾಗುವಷ್ಟು ಕೋನಗಳಿಂದ ತೆಗೆದುಕೊಂಡಿದ್ದೆ.

ಗೋಡೆಗೆ ತೂತು ಕೊರೆಯುವುದು ನಮ್ಮಲ್ಲಿ ಖಾಸಗಿ ಕೆಲಸವಲ್ಲ. ಡ್ರಿಲ್ಲಿನ ಸದ್ದು ಕೇಳಿದ್ದೇ ಪಕ್ಕದ ಮನೆಯ ನಿವೃತ್ತರು ಬಂದು ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು. ಟೈಲ್ಸ್ ಸೀಳಬಾರದೆಂದರೆ ಗುರುತಿನ ಮೇಲೆ ಅಂಟುಪಟ್ಟಿ ಹಚ್ಚಿ, ಟೈಲ್ ದಾಟುವ ತನಕ ಹ್ಯಾಮರ್ ಮೋಡ್ ಬಂದ್ ಮಾಡಿ, ನಿಧಾನಕ್ಕೆ ಕೊರೆಯಬೇಕು. ಹಾಗೇ ಕೊರೆದೆ. ಟೈಲ್ ಒಡೆಯಲಿಲ್ಲ. ಸಭಿಕರ ಮುಖದಲ್ಲಿ ಸಣ್ಣ ನಿರಾಸೆ ಕಂಡಿತು. ಅದನ್ನವರು ಟೆಫ್ಲಾನ್ ಟೇಪಿನ ಹೊತ್ತಿಗೆ ತೀರಿಸಿಕೊಂಡರು. ಪೈಪಿನ ತಿರುಪಿನ ತುದಿಯನ್ನು ನಮ್ಮ ಕಡೆ ಹಿಡಿದು ಗಡಿಯಾರ ಸುತ್ತುವ ದಿಕ್ಕಿಗೆ ಸುತ್ತಬೇಕು, ಇಲ್ಲದಿದ್ದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ ಎಂಬುದರಲ್ಲಿ ಎಲ್ಲರದೂ ಒಮ್ಮತ. ಎಷ್ಟು ಸುತ್ತು ಎಂಬಲ್ಲಿ ಮಾತ್ರ ಮತಭೇದ. ತಮ್ಮ ಕಾಲದಲ್ಲಿ ಸೆಣಬಿನ ನಾರು ಸುತ್ತಿ ಬಿಳಿ ಪೇಂಟ್ ಬಳಿಯುತ್ತಿದ್ದರು, ಆ ಜಾಯಿಂಟುಗಳು ಮನೆ ಬಿದ್ದರೂ ಬಿಡುತ್ತಿರಲಿಲ್ಲ ಎಂದು ನಿವೃತ್ತರು ಮುಕ್ಕಾಲು ಗಂಟೆ ವಿವರಿಸಿದರು. ಯಂತ್ರದ ಕೈಪಿಡಿಯೂ ಸುಮ್ಮನಿರಲಿಲ್ಲ. 8 ಬಾರ್ ಒತ್ತಡ ತಾಳುತ್ತದೆ, ಬಹುಮಹಡಿ ಕಟ್ಟಡಗಳಿಗೂ ಸೂಕ್ತ ಎಂದು ಬೀಗುತ್ತಿತ್ತು. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಒತ್ತಡ. ನಮ್ಮ ತಾರಸಿಯ ಟ್ಯಾಂಕು ನಲ್ಲಿಗಿಂತ ಎರಡೂವರೆ ಮೀಟರ್ ಮೇಲಿದೆ. ಪರಾಕ್ರಮ ತೋರಿಸಲು ಯಂತ್ರಕ್ಕೆ ನಮ್ಮ ಮನೆಯಲ್ಲಿ ಅವಕಾಶ ಕಡಿಮೆ.

ಒಳಗೆ ನೀರು ತುಂಬದೆ ಸ್ವಿಚ್ ಒತ್ತಿದರೆ ಕಾಯಿಲ್ ಸುಟ್ಟುಹೋಗಬಹುದು. ಆದ್ದರಿಂದ ಮೊದಲು ನೀರು ಬಿಟ್ಟು, ಗಾಳಿಯೆಲ್ಲ ಹೊರಬಂದ ಮೇಲೆ ಎಂಸಿಬಿ ಎತ್ತಿದೆ. ಕೆಂಪು ದೀಪ ಹತ್ತಿತು. ಯಾವ ಜಾಯಿಂಟಿನಲ್ಲೂ ಒಂದು ಹನಿ ಸೋರಲಿಲ್ಲ. ಕ್ಷಣಾರ್ಧದಲ್ಲಿ ಬಿಸಿನೀರು! ನಿವೃತ್ತರು ಬೆರಳು ಒಡ್ಡಿ, ಹಿಂದಕ್ಕೆಳೆದು, "ಪರವಾಗಿಲ್ಲ" ಎಂದು ಕುರ್ಚಿ ಖಾಲಿ ಮಾಡಿದರು.

ಆಮೇಲೆ ನಾವು ನಲ್ಲಿಯ ಕೆಳಗೆ ಬಕೆಟ್ ಇಟ್ಟೆವು. ಬಕೆಟ್ ತುಂಬಲಿಲ್ಲ. ಅಂದರೆ, ತುಂಬುತ್ತಿತ್ತು, ಆದರೆ ನೋಡುತ್ತ ನಿಂತವರಿಗೆ ಹಾಗೆ ಕಾಣುತ್ತಿರಲಿಲ್ಲ. ಮಗನಿಗೆ ವಿಜ್ಞಾನದ ಪಾಠ ನೆನಪಾಯಿತು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಕಿಲೋಜೌಲ್ ಬೇಕು. ಬಕೆಟ್ 18 ಲೀಟರಿನದು. ನಲ್ಲಿಯ ನೀರು 22 ಡಿಗ್ರಿ, ಮೈಗೆ ಹಿತವಾಗುವುದು 42. ಗುಣಿಸಿದರೆ 1512 ಕಿಲೋಜೌಲ್. 3 ಕಿಲೋವ್ಯಾಟಿನ ಯಂತ್ರ ಸೆಕೆಂಡಿಗೆ ಕೊಡುವುದು ಮೂರೇ ಕಿಲೋಜೌಲ್. "504 ಸೆಕೆಂಡ್ ಅಪ್ಪ. ಎಂಟು ನಿಮಿಷ ಚಿಲ್ಲರೆ. ಯಾವ ಕಂಪನಿ ಮಾಡಿದ್ರೂ ಇಷ್ಟೇ" ಎಂದ. ವರ್ಷವಿಡೀ ಟ್ಯೂಷನ್ನಿಗೆ ಸುರಿದ ಹಣ ಹೀಗೆ ನನ್ನ ಮೇಲೇ ತಿರುಗಿಬಿತ್ತು.

ಇದು ಶವರಿನ ಕೆಳಗೆ ನಿಂತು ಮೀಯುವವರಿಗೆಂದು ಹುಟ್ಟಿದ ಯಂತ್ರ. ಅಲ್ಲಿ ನೀರು ಬಿಸಿಯಾಗುವುದೂ ಮೈ ತೊಳೆಯುವುದೂ ಜೊತೆಜೊತೆಗೆ ಸಾಗುತ್ತವೆ. ನಾವು ಬಕೆಟ್ಟು ಚೊಂಬಿನ ಜನ. ಮುಂದಿರುವ ನೀರು ಎಷ್ಟೆಂದು ಕಣ್ಣಿಗೆ ಕಾಣದ ಹೊರತು ನಮಗೆ ಮೊದಲ ಚೊಂಬು ಸುರಿದುಕೊಳ್ಳಲು ಧೈರ್ಯ ಬಾರದು. ಟ್ಯಾಂಕ್ ಬೇಡವೆಂದು ಆರಿಸಿ ತಂದ ಯಂತ್ರದ ಕೆಳಗೆ ಪ್ಲಾಸ್ಟಿಕ್ಕಿನ ಟ್ಯಾಂಕ್ ಇಟ್ಟು ಕೂತೆವು. ಹಂಡೆಯಿದ್ದಾಗ ಬೆಳಗಿನ ಜಾವದಿಂದ ನಮಗಾಗಿ ಕಾಯುತ್ತಿದ್ದದ್ದು ನೀರು. ಈಗ ಟವೆಲ್ ಹೆಗಲಿಗೆ ಹಾಕಿಕೊಂಡು ನಾನು ಕಾಯುತ್ತೇನೆ. ಕಾಯುವ ಕೆಲಸವಂತೂ ಮನೆಯಿಂದ ಹೋಗಲಿಲ್ಲ, ಕೈ ಬದಲಾಯಿಸಿತು ಅಷ್ಟೆ. ಅಮ್ಮನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡಬಹುದಿತ್ತು, ಮಳೆಗಾಲದ ಒದ್ದೆ ಬಟ್ಟೆ ಒಣಗಿಸಬಹುದಿತ್ತು, ಬೂದಿಯಲ್ಲಿ ಪಾತ್ರೆ ಬೆಳಗಬಹುದಿತ್ತು, "ನಿನ್ನ ಡಬ್ಬಿ ಎಂಥ ಮಾಡ್ತದೆ?" ಎಂದು ಕೇಳಿದಳು. ಹೆಂಡತಿಯ ಕಣ್ಣು ಮೀಟರಿನ ಮೇಲೆ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೇ. ಅಂದಿನಿಂದ ನಮ್ಮ ಮನೆಯಲ್ಲಿ ಸ್ನಾನವನ್ನು ಅಳೆಯುವುದು ಯೂನಿಟ್ಟಿನಲ್ಲಿ.

ಹೀಗಿರುವಾಗ ದೀಪಾವಳಿ ಬಂತು, ಅಣ್ಣನ ಸಂಸಾರವೂ ಬಂತು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕಂಠಕ್ಕೆ ಹಿಂಡ್ಲೆಕಾಯಿ ಬಳ್ಳಿ ಕಟ್ಟಿ, ಹೊಸನೀರು ತುಂಬಿ ಪೂಜೆ ಮಾಡಬೇಕು. ಹೊಟ್ಟೆಯೇ ಇಲ್ಲದ ಯಂತ್ರಕ್ಕೆ ತುಂಬುವುದು ಎಲ್ಲಿಗೆ? ಈ ಸಾಂವಿಧಾನಿಕ ಬಿಕ್ಕಟ್ಟನ್ನು ಅಮ್ಮನೇ ಬಗೆಹರಿಸಿದಳು. ಹಿತ್ತಲಲ್ಲಿ ಮಗುಚಿ ಮಲಗಿದ್ದ ತಾಮ್ರದ ಹಂಡೆ ಹುಣಸೆಹಣ್ಣಿನಲ್ಲಿ ಮಿಂದು ಗೀಸರಿನ ಬುಡಕ್ಕೆ ಬಂತು. ಬಳ್ಳಿಯ ಒಂದು ಸುತ್ತು ಹಂಡೆಗೆ, ಒಂದು ಸುತ್ತು ಗೀಸರಿಗೆ. ಎಂಸಿಬಿ ಇಳಿಸಿದ ಮೇಲೆ ಗೀಸರಿಗೂ ಅರಿಶಿನ ಕುಂಕುಮ. ಬೆಳಿಗ್ಗೆ ಯಂತ್ರದಿಂದ ಕುದಿಬಿಸಿ ನೀರು, ಬೆರಕೆಗೆ ಹಂಡೆಯ ತಣ್ಣೀರು ಎಂದು ಒಪ್ಪಂದವಾಯಿತು.

ಎಂಟು ತಲೆ, ತಲೆಗೆ ಎರಡು ಬಕೆಟ್, ಎಣ್ಣೆ ಇಳಿಯಬೇಡವೇ? ಮಗ ರಾತ್ರಿಯೇ ಎರಡೂಕಾಲು ಗಂಟೆಯ ವೇಳಾಪಟ್ಟಿ ಅಂಟಿಸಿದ. ಹೆಂಡತಿ ಅದರ ಕೆಳಗೆ ಆರೂ ಮುಕ್ಕಾಲು ಯೂನಿಟ್ ಎಂದು ಬರೆದಳು. ನಸುಕಿನಲ್ಲೇ ಸರದಿ ಶುರು. ಅಮ್ಮ ಎಲ್ಲರ ನೆತ್ತಿಗೂ ಎಣ್ಣೆ ಒತ್ತಿ ಒಬ್ಬೊಬ್ಬರನ್ನೇ ಒಳಗೆ ಕಳಿಸಿದಳು. ಅವಳದು ಯಾವಾಗಲೂ ಕೊನೆಯ ಪಾಳಿ. ತವರಿನ ಹಂಡೆಯಲ್ಲಿ ಆ ಹೊತ್ತಿಗೆ ಒಲೆ ಆರಿ, ಮುಂಚೆ ಮಿಂದವರು ಸುರಿದ ತಣ್ಣೀರು ಸೇರಿ, ಉಳಿಯುತ್ತಿದ್ದದ್ದು ಉಗುರುಬೆಚ್ಚಗಿನ ತಳ. ಟ್ಯಾಂಕಿರುವ 15 ಲೀಟರ್ ಗೀಸರಾದರೂ ಒಂದೂವರೆ ಬಕೆಟ್ಟಿಗೇ ಕೈಚೆಲ್ಲುತ್ತದೆ. ಈ ಹೊಸ ಡಬ್ಬಿಗೆ ಕೂಡಿಟ್ಟದ್ದೇ ಇಲ್ಲವಾದ್ದರಿಂದ ಮುಗಿದುಹೋಗುವುದೂ ಇಲ್ಲ. ನಿಧಾನ ಎಲ್ಲರಿಗೂ ನಿಧಾನವೇ. ಆದರೆ ಮೊದಲನೆಯವರಿಗೆ ಎಷ್ಟು ಬಿಸಿಯೋ ಎಂಟನೆಯವರಿಗೂ ಅಷ್ಟೇ ಬಿಸಿ.

ಅಮ್ಮ ಒಳಗೆ ಹೋಗಿ ಬಹಳ ಹೊತ್ತಾಯಿತು. ದೋಸೆ ಕಾವಲಿ ಕಾದು ಹೊಗೆಯಾಡುತ್ತಿತ್ತು. ಬಾಗಿಲು ತಟ್ಟಿದೆ. "ಇನ್ನೊಂದು ಬಕೆಟ್ ಹಿಡಿಯಕ್ಕೆ ಇಟ್ಟಿದೀನಿ, ನೀವೆಲ್ಲ ತಿಂಡಿಗೆ ಕೂತ್ಕಳಿ" ಎಂದು ಒಳಗಿನಿಂದ ಕೇಳಿತು. ಮಗ ಪಟ್ಟಿ ತಿದ್ದಲು ಪೆನ್ಸಿಲ್ ತೆಗೆದ. ಹೆಂಡತಿ ಅದನ್ನು ಕಿತ್ತುಕೊಂಡು, "ಆ ಬಕೆಟ್ ಲೆಕ್ಕಕ್ಕೆ ಹಿಡೀಬೇಡ, ಈ ತಿಂಗಳು ಬಿಲ್ ಕಟ್ಟಿದರಾಯಿತು" ಎಂದಳು.