ಅಥಣಿ ಕಾಲು, ಕತಾರ್‌ಗಾಮ್ ಬೂಟು

ಅಥಣಿಯವನಿಗೆ ಚಪ್ಪಲಿಯ ವಿಷಯದಲ್ಲಿ ಯಾರೂ ಬುದ್ಧಿ ಹೇಳಬಾರದು. ಜಗತ್ತು ಕೊಲ್ಹಾಪುರಿ ಎಂದು ಕರೆದು ಕೊಳ್ಳುವ ಎಷ್ಟೋ ಜೋಡಿಗಳು ಹುಟ್ಟುವುದು ನಮ್ಮ ಅಥಣಿ, ನಿಪ್ಪಾಣಿ ಕಡೆಯ ಮನೆಗಳ ಪಡಸಾಲೆಯಲ್ಲಿ. ಹೆಸರು ಅವರದು, ಹೊಲಿಗೆ ನಮ್ಮದು ಎಂಬ ಹಳೆಯ ತಕರಾರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದಾಗ ಅರ್ಧ ಸಮಾಧಾನ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಪಾಲು ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಹುಡುಗರ ಕಾಲಿಗೆ ಅದೇ ನಮೂನೆಯ ಚಪ್ಪಲಿ ಹಾಕಿ ನಡೆಸಿ, ಗಲಾಟೆಯಾದ ಮೇಲೆ ಇದರ ಮೂಲ ಭಾರತ ಎಂದು ಒಪ್ಪಿಕೊಂಡಿತಲ್ಲ, ಆ ಸುದ್ದಿಯನ್ನು ನಮ್ಮಪ್ಪ ಸೂರತ್‌ನ ಕತಾರ್‌ಗಾಮಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೂ ಓದಿ ಹೇಳಿದರು. ಕನ್ನಡದಲ್ಲೇ. ವಾಚ್‌ಮನ್ ಬಿಹಾರದವನು. ಕೊನೆಯತನಕ ನಿಂತು ಕೇಳಿದ.

ಇಂಥ ಮನೆಯಲ್ಲಿ "ಬೈಕ್ ಓಡಿಸೋದಕ್ಕಂತಲೇ ಒಂದು ಜೋಡಿ ಬೂಟು ತಗೋಬೇಕಂತೀನಿ" ಎಂದು ಬಾಯಿ ಬಿಟ್ಟರೆ ಏನಾಗಬೇಕೋ ಅದೇ ಆಯಿತು.

"ಯಾಕಪಾ? ಕಾಲಿಗೆ ಏನಾಗೇತಿ?" ಅಂದರು ಅಪ್ಪ.

"ಏನೂ ಆಗಿಲ್ಲ. ಆಗಬಾರದು ಅಂತ."

"ಏನೂ ಆಗದ ಕಾಲಿಗೆ ಯಾರರ ಔಷಧ ಕೊಡ್ತಾರೇನು?"

ಅಪ್ಪನ ವಾದಕ್ಕೆ ಇತಿಹಾಸದ ಬಲವಿದೆ. ಅವರು ಅಥಣಿಯ ಎಣ್ಣೆ ಕುಡಿದ ಚಪ್ಪಲಿಯಲ್ಲಿಯೇ ಯೆಜ್ಡಿ ಓಡಿಸಿದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಆ ಗಾಡಿಯಲ್ಲಿ ಗೇರಿನ ಕೋಲೇ ಕಿಕ್ಕರ್. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಕೆಳಗೆ ಬಿಟ್ಟರೆ ಗೇರು. ಮನಸ್ಸು ಕೆಟ್ಟಾಗ ಅದು ತಿರುಗಿ ಒದೆಯುತ್ತಿತ್ತು. ಅಪ್ಪನ ಬಲಗಾಲಿನ ಮೀನಖಂಡದ ಮೇಲೆ ಅದರ ಗುರುತು ಇನ್ನೂ ಇದೆ. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗುರುತು ಉಳಿಯಿತು. ಅದನ್ನು ಅವರು ಯಜಮಾನಿಕೆಯ ಮುದ್ರೆಯ ಹಾಗೆ ತೋರಿಸುತ್ತಾರೆಯೇ ಹೊರತು, ಬೂಟಿದ್ದರೆ ಇದು ಆಗುತ್ತಿರಲಿಲ್ಲ ಎಂಬ ಮಾತಿಗೆ ಕಿವಿ ಕೊಡುವುದಿಲ್ಲ.

ಇನ್ನು ಸೂರತ್ ಊರಿನದೇ ಒಂದು ತಮಾಷೆ. ಇಲ್ಲಿ ದ್ವಿಚಕ್ರ ಸವಾರನ ರಕ್ಷಣೆ ಮೇಲಿನಿಂದ ಕೆಳಗೆ ಇಳಿಯುತ್ತದೆ, ಅದೂ ಸೊಂಟದತನಕ ಬರುವುದಿಲ್ಲ. ಜನವರಿ 14ರ ಉತ್ತರಾಯಣ ಹತ್ತಿರ ಬಂತೆಂದರೆ ಗಾಳಿಪಟದ ಮಾಂಜಾ ಕತ್ತು ಕೊಯ್ಯದಿರಲೆಂದು ಹ್ಯಾಂಡಲ್ಲಿನ ಎರಡೂ ತುದಿಗೆ ಕಬ್ಬಿಣದ ತಂತಿಯನ್ನು ಕಮಾನಿನಂತೆ ಬಗ್ಗಿಸಿ ಕಟ್ಟುತ್ತಾರೆ. ಆಕ್ಟಿವಾಗಳೆಲ್ಲ ಮದುವೆ ಮಂಟಪ ಹೊತ್ತು ಹೊರಟಂತೆ ಕಾಣುತ್ತವೆ. ಹಬ್ಬದ ದಿನ ಫ್ಲೈಓವರ್ ಮೇಲೆ ಬೈಕ್ ಬಿಡುವುದಿಲ್ಲ. ತಲೆಗೆ ಹೆಲ್ಮೆಟ್ 2025ರ ಫೆಬ್ರವರಿಯಿಂದ ಪೊಲೀಸರ ಬಿಗಿಯಲ್ಲಿ ಬಂತು. ಕತ್ತಿಗೆ ತಂತಿ, ತಲೆಗೆ ಹೆಲ್ಮೆಟ್, ಕಾಲಿಗೆ ಬಚ್ಚಲುಮನೆಯ ಸ್ಲಿಪ್ಪರ್. ಅದೇ ಸ್ಲಿಪ್ಪರಿನಲ್ಲಿ ವೇದ್ ರೋಡಿನ ಗುಂಡಿಗಳಲ್ಲಿ ಮಳೆಗಾಲ ಕಳೆಯುತ್ತಾರೆ, ನಿಲ್ಲಿಸಬೇಕಾದಾಗ ಬ್ರೇಕಿಗಿಂತ ಮೊದಲು ಹಿಮ್ಮಡಿಯನ್ನೇ ರಸ್ತೆಗೆ ಉಜ್ಜುತ್ತಾರೆ.

ನನ್ನ ಗಾಡಿ ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 350. ತೂಕ 195 ಕಿಲೋ. ದಿನಾ ಕತಾರ್‌ಗಾಮಿನಿಂದ ಸಚಿನ್ ಜಿಐಡಿಸಿ ಕೈಗಾರಿಕಾ ಪ್ರದೇಶದ ಡೈಯಿಂಗ್ ಮಿಲ್ಲಿಗೆ, ಬಣ್ಣದ ನೀರು, ಟೆಂಪೋ, ಸೀರೆ ಗಂಟು ಹೊತ್ತ ಮೂರು ಗಾಲಿಯ ನಡುವೆ ಹೋಗಿಬರುವವನು ನಾನು. ಬೈಕು ಬೀಳುವುದಕ್ಕೆ ನೂರರ ವೇಗ ಬೇಕಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಮರಳಿನ ಮೇಲೆ ಕಾಲು ಜಾರಿದರೂ ಅದು ಮಗ್ಗುಲಾಗುತ್ತದೆ, ಮತ್ತು ಅದು ಮಗ್ಗುಲಾಗುವ ಕಡೆ ನಮ್ಮ ಪಾದವೇ ಮೊದಲು ಸಿಗುತ್ತದೆ. ನಮ್ಮ ಮಿಲ್ಲಿನವನೊಬ್ಬ ಹಾಗೆ ನಿಂತಲ್ಲೇ ಬಿದ್ದು ಕಣಕಾಲು ಮುರಿದುಕೊಂಡ. ಆಸ್ಪತ್ರೆಯಲ್ಲಿ ನೋಡಲು ಹೋದವರೆಲ್ಲ ಬೈಕಿಗೆ ಎಷ್ಟು ಖರ್ಚು ಬಂತು ಎಂದು ಕೇಳಿದರು.

ಮನೆಯ ಪಂಚಾಯಿತಿ ಸೇರಿತು. ಅವ್ವನ ತೀರ್ಪು ಗಂಬೂಟ್. "ಮಳೀಗೂ ಆತು, ಕೆಸರಿಗೂ ಆತು, ತೊಳೆದು ಬೋರಲು ಹಾಕಿದ್ರ ಒಣಗತಾವ. ನೂರಿನ್ನೂರು ರೂಪಾಯಿ." ಗಂಬೂಟು ಕಾಲನ್ನು ನೀರಿನಿಂದ ಕಾಯುತ್ತದೆ, ಬೈಕಿನಿಂದಲ್ಲ ಎಂದು ಅವ್ವನಿಗೆ ಹೇಳುವುದಕ್ಕಿಂತ ಸುಮ್ಮನಿರುವುದು ಲೇಸು. ನನ್ನ ಹೆಂಡತಿ ಜಮಖಂಡಿಯವಳು, ಲೆಕ್ಕದವಳು. "ಮಿಲ್ಲಿನಾಗ ಸೇಫ್ಟಿ ಶೂ ಕೊಟ್ಟಾರಲ್ರೀ, ಅವನ್ನೇ ಹಾಕ್ಕೊಂಡು ಹೋಗ್ರಿ" ಎಂದಳು. ಮಾತಿನಲ್ಲಿ ಹುರುಳಿತ್ತು. ಆ ಶೂಗಳ ಮುಂದಿನ ಉಕ್ಕಿನ ಟೊಪ್ಪಿಗೆ 200 ಜೂಲ್ ಪೆಟ್ಟು ತಾಳುತ್ತದೆ, ಅಂದರೆ 20 ಕಿಲೋದ ಗುಂಡು ಒಂದು ಮೀಟರ್ ಮೇಲಿಂದ ಬೆರಳ ಮೇಲೆ ಬಿದ್ದರೂ ಬೆರಳು ಬದುಕುತ್ತದೆ. ಆದರೆ ಬೈಕು ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಒತ್ತುತ್ತದೆ, ತಿರುಚುತ್ತದೆ, ರಸ್ತೆಯುದ್ದಕ್ಕೂ ತಿಕ್ಕುತ್ತದೆ. ಕಣಕಾಲಿನ ಗಂಟಿಗೆ ಆ ಶೂ ಏನೂ ಮಾಡುವುದಿಲ್ಲ. ಅಷ್ಟು ದಪ್ಪ ಮೂತಿ ಗೇರಿನ ಕೆಳಗೆ ಹೋಗುವುದೂ ಕಷ್ಟ. ಮಗಳು ಮಾತ್ರ ಬೂಟಿನ ಪರ ಓಟು ಹಾಕಿದಳು. ಶಾಲೆಯ ಗೇಟಿನ ಮುಂದೆ ನಾನು ಅದನ್ನು ಹಾಕಿಕೊಂಡು ಇಳಿಯಬಾರದು ಎಂಬ ಷರತ್ತಿನ ಮೇಲೆ.

ಬೂಟಿನ ಕೇಸು ಗೆದ್ದದ್ದು ಎದುರುಮನೆಯ ಪಟೇಲ್ ಭಾಯಿಯಿಂದ. ಕತಾರ್‌ಗಾಮ್ ಗೊತ್ತಿಲ್ಲದವರಿಗೆ ಒಂದು ಮಾತು: ಇದು ತಾಪಿ ನದಿಯ ಮಗ್ಗುಲಿನ ವಜ್ರದ ಬಡಾವಣೆ. ಮಹಡಿ ಮಹಡಿಯಲ್ಲೂ ವಜ್ರ ಉಜ್ಜುವ ಕಾರ್ಖಾನೆ. ಉಜ್ಜುವವರಲ್ಲಿ ಬಹಳ ಮಂದಿ ಅಮ್ರೇಲಿ, ಭಾವನಗರ ಕಡೆಯಿಂದ ಬಂದ ಕಾಠಿಯಾವಾಡಿಗಳು. ಹಾಗಾಗಿ ಹೊರನಾಡಿಗರು ನಾವಷ್ಟೇ ಎಂದು ಇಲ್ಲಿ ದುಃಖ ತೋಡಿಕೊಳ್ಳುವಂತಿಲ್ಲ. ದೀಪಾವಳಿಗೆ ಕಾರ್ಖಾನೆಗಳು ಮುಚ್ಚಿದವೆಂದರೆ ಓಣಿಗೆ ಓಣಿಯೇ ಸೌರಾಷ್ಟ್ರದ ಬಸ್ಸು ಹತ್ತುತ್ತದೆ, ಲಿಫ್ಟಿನಲ್ಲಿ ನಾವೊಬ್ಬರೇ ಮೇಲೆ ಕೆಳಗೆ ಓಡಾಡುತ್ತೇವೆ.

ಪಟೇಲ್ ಭಾಯಿ ಮೊದಲು ಕೇಳಿದ ಪ್ರಶ್ನೆ, ಚರ್ಮದ್ದೋ ಹೇಗೆ ಎಂದು. ಅವರು ಸ್ವಾಮಿನಾರಾಯಣ ಸಂಪ್ರದಾಯದವರು. ಅವ್ವನೂ ಲಿಂಗದ ಪೂಜೆ ಮಾಡದೆ ನೀರು ಮುಟ್ಟದವಳು, ಆದರೆ ಚರ್ಮದ ಚಪ್ಪಲಿಯ ಬಗ್ಗೆ ಆಕೆಗೆ ಯಾವ ಅಳುಕೂ ಇಲ್ಲ. ಬಸವಣ್ಣನಿಗೆ ಹರಳಯ್ಯ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದ ಪಾದರಕ್ಷೆ ಮಾಡಿದ ಕಥೆಯನ್ನು ಅಲ್ಲೇ ಹೇಳಲು ಶುರುಮಾಡಿದಳು, ನಾನು ಗುಜರಾತಿಗೆ ತರ್ಜುಮೆ ಮಾಡಲಿಲ್ಲ. ಈಗಿನ ಬೂಟುಗಳಲ್ಲಿ ಎಷ್ಟೋ ಮೈಕ್ರೋಫೈಬರಿನವು, ದನದ ಸಂಬಂಧವೇ ಇಲ್ಲ ಎಂದೆ. ಭಾಯಿ ನಿರಾಳವಾದರು.

ಆಮೇಲೆ ಮಿಲ್ಲಿನ ಗೆಳೆಯನಿಂದ ಕಡ ತಂದಿದ್ದ ಬೂಟನ್ನು ಅವರ ಮುಂದೆ ಇಟ್ಟೆ. ಅದರ ನಾಲಗೆಯ ಒಳಮಗ್ಗುಲಿಗೆ ಹೊಲಿದ ಚೀಟಿಯಲ್ಲಿ ಪುಟ್ಟ ಬೈಕ್ ಸವಾರನ ಚಿತ್ರ, ಕೆಳಗೆ ಇಎನ್ 13634 ಎಂಬ ಬರಹ, ಅದರ ಕೆಳಗೆ ನಾಲ್ಕು ಅಂಕಿ: 1 2 2 2. ಭಾಯಿ ಜೇಬಿನಿಂದ ಐಗ್ಲಾಸ್ ತೆಗೆದರು. ವಜ್ರದ ಹೊಟ್ಟೆಯೊಳಗಿನ ಕಲೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿ ನೋಡುವ ಆ ಮಸೂರವನ್ನು ಕಣ್ಣಿಗೆ ಒತ್ತಿಕೊಂಡು, ಬೂಟನ್ನು ಮೂಗಿನ ತನಕ ತಂದು, ಬೆವರಿನ ವಾಸನೆಗೆ ಹುಬ್ಬನ್ನೂ ಅಲುಗಿಸದೆ ಓದಿದರು. ನಾಲ್ಕು ಅಂಕಿಯ ಅರ್ಥ ಕೇಳಿದರು. ಮೊದಲನೆಯದು ಎತ್ತರ, ಎರಡನೆಯದು ರಸ್ತೆಗೆ ತಿಕ್ಕಿದರೆ ಎಷ್ಟು ತಾಳುತ್ತದೆ, ಮೂರನೆಯದು ಚೂಪಾದದ್ದು ಬಡಿದು ಕೊಯ್ದರೆ ಎಷ್ಟು ತಡೆಯುತ್ತದೆ, ನಾಲ್ಕನೆಯದು ಅಡಿಯನ್ನು ಅಡ್ಡಡ್ಡ ಹಿಂಡಿದರೆ ಎಷ್ಟು ಗಟ್ಟಿ. ಒಂದು ಅಂದರೆ ಪಾಸು, ಎರಡು ಅಂದರೆ ಫಸ್ಟ್ ಕ್ಲಾಸು. ಐಪಿಎ ಎಂದಿದ್ದರೆ ಕಣಕಾಲಿನ ಗಂಟಿಗೆ ಪೆಟ್ಟು ತಡೆಯುವ ಕವಚ ಇದೆ, ಡಬ್ಲ್ಯುಆರ್ ಎಂದಿದ್ದರೆ ನೀರು ತಡೆಯುತ್ತದೆ.

"ಹಾಗಾದರೆ ನಮ್ಮ ಫೋರ್ ಸೀ!" ಅಂದರು ಭಾಯಿ. ಕ್ಯಾರೆಟ್, ಕಟ್, ಕಲರ್, ಕ್ಲಾರಿಟಿ. ಇಡೀ ಕತಾರ್‌ಗಾಮ್ ಅನ್ನ ತಿನ್ನುವುದೇ ಆ ನಾಲ್ಕರ ಮೇಲೆ. ಸರ್ಟಿಫಿಕೇಟ್ ಇಲ್ಲದ ಕಲ್ಲಿಗೂ ಚೀಟಿ ಇಲ್ಲದ ಬೂಟಿಗೂ ಅಂಗಡಿಯವನ ಬಾಯಿಮಾತೇ ಆಧಾರ, ಅದನ್ನು ನಂಬಿ ಮುಳುಗಿದವರನ್ನು ಬೇಕಾದಷ್ಟು ನೋಡಿದ್ದೇನೆ ಎಂದರು. ಮಸೂರವನ್ನು ಹೊಲಿಗೆಯ ಗುಂಟ ಒಂದು ಸುತ್ತು ತಿರುಗಿಸಿ, ಮೂತಿಯ ಹತ್ತಿರ ಎರಡು ಸಾಲು ಹೊಲಿಗೆ ಇದೆ, ಹಿಮ್ಮಡಿಯಲ್ಲಿ ಒಂದೇ ಎಂದು ಅಪ್ಪನಿಗೆ ತೋರಿಸಿದರು. ಹೊಲಿಗೆಯ ವಿಷಯ ಬಂದ ಮೇಲೆ ಅಥಣಿಯವರು ಹಿಂದೆ ಉಳಿಯುತ್ತಾರೆಯೇ? ಅಪ್ಪ ಕನ್ನಡಕ ಏರಿಸಿ, ಬೂಟನ್ನು ಕಸಿದುಕೊಂಡು, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅದು ಬಗ್ಗಲಿಲ್ಲ. "ಹೂಂ" ಎಂದರು. ನಮ್ಮ ಮನೆಯಲ್ಲಿ ಅದು ಮಂಜೂರಾತಿ.

ಅಂಗಡಿಗೆ ನಾವು ಹೋದದ್ದು ಐದು ಜನ, ಬೂಟು ಹಾಕುವವನು ಒಬ್ಬ. ಸಂಜೆಯೇ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ, ಏಕೆಂದರೆ ದಿನವೆಲ್ಲ ದುಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ, ಬೆಳಗಿನ ಕಾಲಿಗೆ ಸರಿಹೋದ ಬೂಟು ಸಂಜೆಯ ಕಾಲನ್ನು ಹಿಚುಕುತ್ತದೆ. ದಪ್ಪ ಕಾಲುಚೀಲವನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅಂಗಡಿಯ ಹುಡುಗ 9 ಎಂದರೆ 43 ಎಂದು ಪೆಟ್ಟಿಗೆ ತಂದ. 43 ಬೆರಳು ಕಚ್ಚಿತು, 44ರಲ್ಲಿ ಹಿಮ್ಮಡಿ ಮೇಲೆದ್ದಿತು. ಇನ್ನೊಂದು ಕಂಪನಿಯ 43 ಸರಿಹೋಯಿತು. ಆಗ ಕೂತು ಎದ್ದು, ಕುಕ್ಕರುಗಾಲಲ್ಲಿ ಕೂತು, ಎರಡೂ ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ಅಡಿಯನ್ನು ತಿರುಚಿ ನೋಡಿದೆ. ಸುಲಭವಾಗಿ ತಿರುಚಿದರೆ ಅದು ವಾಕಿಂಗಿನ ಶೂ, ಬೈಕಿನದಲ್ಲ. ದಾರ ಇರುವವು ಬೇಡವೆಂದೆ. ಸಡಿಲವಾದ ದಾರ ಗೇರಿಗೋ ಕಾಲಿಡುವ ಪೆಗ್ಗಿಗೋ ಸುತ್ತಿಕೊಂಡರೆ ಸಿಗ್ನಲ್ಲಿನಲ್ಲಿ ಕಾಲು ಕೆಳಗೆ ಬರುವುದೇ ಇಲ್ಲ. ಪಕ್ಕದಲ್ಲಿ ಜಿಪ್, ಅದರ ಮೇಲೆ ವೆಲ್ಕ್ರೋ ಪಟ್ಟಿ ಇರುವುದು ನನಗೆ ಸಾಕು.

ನೀರು ನುಗ್ಗದ್ದು ಬೇಕೋ ಗಾಳಿ ಆಡುವುದು ಬೇಕೋ ಎಂಬಲ್ಲಿ ಮತ್ತೆ ಸಭೆ. ಪಟೇಲ್ ಭಾಯಿ 2006ರ ಆಗಸ್ಟಿನ ನೆರೆ ನೆನಪಿಸಿದರು, ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಊರಿನ ಬಹುಭಾಗ ಮುಳುಗಿತ್ತು. "ಎದೆಮಟ್ಟದ ನೀರಿಗೆ ಯಾವ ಬೂಟು ಹಾಕುತ್ತೀರಿ?" ಎಂದರು. ನನ್ನ ಲೆಕ್ಕವೂ ಬೇರೆ ದಾರಿಯಲ್ಲಿ ಅಲ್ಲಿಗೇ ಬಂತು. ವಾಟರ್‌ಪ್ರೂಫ್ ಬೂಟಿನೊಳಗೆ ಪ್ಯಾಂಟ್ ತೂರಿಸಿದರೆ ಮಳೆ ಪ್ಯಾಂಟಿನ ಗುಂಟ ಒಳಗಿಳಿಯುತ್ತದೆ, ಹೊರಗಿನ ನೀರನ್ನು ಬಿಡದ ಬೂಟು ಒಳಗಿನ ನೀರನ್ನೂ ಬಿಡುವುದಿಲ್ಲ. ಕಾಲು ಸಚಿನ್ ಮುಟ್ಟುವತನಕ ಕೊಡದಲ್ಲಿದ್ದಂತೆ. ಸೂರತ್‌ನಲ್ಲಿ ಮಳೆ ನಾಲ್ಕು ತಿಂಗಳು, ಸೆಕೆ ಮತ್ತು ಬೆವರು ಉಳಿದಷ್ಟೂ ಕಾಲ. ಗಾಳಿ ಆಡುವುದನ್ನೇ ತೆಗೆದುಕೊಂಡು, ಮಳೆಗೆ ಮೇಲಿಂದ ಹಾಕುವ ಕವರ್ ಇಟ್ಟುಕೊಂಡೆ.

ಅಪ್ಪ ಚೌಕಾಸಿ ಮಾಡಿದರು. ಬೆಲೆ ಹತ್ತು ಸಾವಿರದ ಒಳಗೇ ಇತ್ತು, ಆದರೂ ಅಷ್ಟಕ್ಕೆ ಅಥಣಿಯಲ್ಲಿ ಇಡೀ ಮನೆತನಕ್ಕೆ ಚಪ್ಪಲಿ ಬರುತ್ತದೆ ಎಂಬುದು ಅವರ ಪಾಯಿಂಟು. ಹುಡುಗ ಒಂದು ಜೋಡಿ ಕಾಲುಚೀಲ ಪುಕ್ಕಟೆ ಕೊಟ್ಟ. ಅದನ್ನು ಅಪ್ಪನೇ ಇಟ್ಟುಕೊಂಡಿದ್ದಾರೆ.

ಬೂಟು ತಂದ ಮೇಲೆ ನಿಜವಾದ ತೊಂದರೆ ರಸ್ತೆಯಲ್ಲಿ ಬರಲಿಲ್ಲ, ಹೊಸ್ತಿಲುಗಳಲ್ಲಿ ಬಂತು. ವಜ್ರದ ಕಾರ್ಖಾನೆಗೆ, ಗುಡಿಗೆ, ನೆಂಟರ ಮನೆಗೆ, ಎಲ್ಲಿ ಹೋದರೂ ಕಾಲಿನದು ಹೊರಗೇ ಬಿಡಬೇಕಾದ ಊರು ಇದು. ಎಲ್ಲರೂ ಸರಕ್ಕನೆ ಸ್ಲಿಪ್ಪರ್ ಕಳಚಿ ಒಳಗೆ ಹೋಗಿ ಚಹಾ ಕುಡಿದು ಮುಗಿಸುವಾಗ ನಾನಿನ್ನೂ ಒಂದೇ ಕಾಲಲ್ಲಿ ಗೋಡೆ ಹಿಡಿದು ನಿಂತಿರುತ್ತೇನೆ. ವೆಲ್ಕ್ರೋ ಪರ್‌ರ್ ಎಂದರೆ ಒಳಗಿನವರು ಯಾರ ಪ್ಯಾಂಟ್ ಹರಿಯಿತು ಎಂದು ಇಣುಕುತ್ತಾರೆ. ರಾಜ್ಯೋತ್ಸವಕ್ಕೆ ಸೇರಿದ ಕನ್ನಡದವರ ಸಭೆಯಲ್ಲಿ ನಾಡಗೀತೆಗೆ ಎಲ್ಲರೂ ಎದ್ದಾಗ ನಾನು ಬಾಗಿಲಲ್ಲಿ ಬಗ್ಗಿದ್ದೆ, ಹಿರಿಯರೊಬ್ಬರು ಅದನ್ನು ಭಕ್ತಿ ಎಂದು ತಿಳಿದು ಆಮೇಲೆ ಬೆನ್ನು ತಟ್ಟಿದರು. ಒಂದು ಲಾಭವೂ ಇದೆ. ಗುಡಿಯ ಮುಂದೆ ಎಂಥ ಚಪ್ಪಲಿ ಬಿಟ್ಟರೂ ಮಾಯವಾಗುವ ಕಾಲದಲ್ಲಿ ನನ್ನ ಬೂಟನ್ನು ಕಳ್ಳನೂ ಮುಟ್ಟುವುದಿಲ್ಲ. ಹಾಕಿಕೊಂಡು ಓಡುವಷ್ಟರಲ್ಲಿ ಆರತಿ ಮುಗಿದಿರುತ್ತದೆ.

ಗೇರಿನ ಕೋಲನ್ನು ಮೆಕ್ಯಾನಿಕ್ಕಿನ ಹತ್ತಿರ ಸ್ವಲ್ಪ ಎತ್ತರಿಸಿಕೊಳ್ಳಬೇಕಾಯಿತು, ಇಲ್ಲದಿದ್ದರೆ ಬೂಟಿನ ಮೂತಿ ಅದರ ಕೆಳಗೆ ಹೋಗುತ್ತಿರಲಿಲ್ಲ. ಬೂಟು ಕೊಂಡವರೆಲ್ಲ ಇದನ್ನು ಮಾಡಿಸಿಕೊಳ್ಳಬೇಕು, ಯಾವ ಅಂಗಡಿಯವನೂ ಹೇಳುವುದಿಲ್ಲ. ಅವ್ವ ಬೂಟನ್ನು ಟೆರೇಸಿನ ಬಿಸಿಲಿಗೆ ಹಪ್ಪಳದ ಪಕ್ಕ ಇಡಲು ಹೋಗುತ್ತಾಳೆ. ಬಿಸಿಲಿಗೆ ಅಂಟು ಬಿಡುತ್ತದೆ, ಒಳಗೆ ಹಳೆಯ ಪೇಪರು ತುರುಕಿ ಫ್ಯಾನಿನ ಕೆಳಗಿಟ್ಟರೆ ಸಾಕು. ನಮ್ಮ ಮನೆಯಲ್ಲಿ ಅದಕ್ಕೆ ಗುಜರಾತಿ ಪೇಪರನ್ನಷ್ಟೇ ಬಳಸುತ್ತೇವೆ. ಕನ್ನಡದ ಪತ್ರಿಕೆ ಊರಿಂದ ಬಂದವರು ಚಕ್ಕುಲಿ ಸುತ್ತಿಕೊಂಡು ತಂದದ್ದು ಮಾತ್ರ ಸಿಗುತ್ತದೆ, ಅದನ್ನು ಅಪ್ಪ ಎಣ್ಣೆ ಕಲೆಯ ಸಮೇತ ಓದುತ್ತಾರೆ.

ಮೊದಲ ಬೂಟು ಕೊಳ್ಳುವವರಿಗೆ ನನ್ನದಿಷ್ಟೇ ಮಾತು. ಮೊಣಕಾಲಿನ ತನಕ ಬರುವ ರೇಸಿನ ಬೂಟು ಚಂದ ಕಂಡೀತು, ಆದರೆ ಕಪಾಟಿನಲ್ಲಿರುವ ಬೂಟು ಯಾರ ಕಣಕಾಲನ್ನೂ ಕಾಯುವುದಿಲ್ಲ. ಕಣಕಾಲು ಮುಚ್ಚುವಷ್ಟು ಎತ್ತರದ್ದು, ದಿನಾ ಹಾಕಲು ಬೇಸರ ಬಾರದಂಥದ್ದು ನೋಡಿ. ಚೀಟಿಯ ನಾಲ್ಕನೆಯ ಅಂಕಿ ಎರಡು ಇರಲಿ. ಸಂಜೆ ಹೊತ್ತು ಹೋಗಿ, ಮತ್ತು ದಯವಿಟ್ಟು ಒಬ್ಬರೇ ಹೋಗಿ.